ಇವತ್ತು, ನಾಳೆ, ನಾಡಿದ್ದು: ಡಲ್ಲಾಸ್‌ನಲ್ಲಿ ನಾನು ಗುಡುಗಿನ ನಕ್ಷೆ ಓದಲು ಕಲಿತದ್ದು

2016ರ ಏಪ್ರಿಲ್ 11, ಸೋಮವಾರ. ಆಗ ನಾವು ಡಲ್ಲಾಸ್‌ನ ಈಶಾನ್ಯಕ್ಕಿರುವ ವೈಲಿ ಎಂಬ ಊರಿನಲ್ಲಿ ಬಾಡಿಗೆಗಿದ್ದೆವು. ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸಂಜೆ ಛಾವಣಿ ಮೇಲೆ ಯಾರೋ ಕಲ್ಲು ಎತ್ತಿ ಹಾಕಿದ ಹಾಗೆ ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಲೆಕ್ಕ ಸಿಗಲಿಲ್ಲ. ಮಹಡಿಯ ಕೋಣೆಯ ಕಿಟಕಿ ಗಾಜು ಒಳಗೆ ಬಂದು ಬಿತ್ತು, ನಾನು ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಎಲ್ಲಿ ಹೋಗಬೇಕು ಅಂತ ತಿಳಿಯದೆ ಅಡುಗೆಮನೆಯಲ್ಲೇ ನಿಂತುಬಿಟ್ಟೆ. ಎಲ್ಲ ನಿಂತ ಮೇಲೆ ಹಿತ್ತಲ ಹುಲ್ಲಿನಿಂದ ಒಂದು ಆಲಿಕಲ್ಲು ಎತ್ತಿ ನೋಡಿದೆ. ಸುಲಿದ ತೆಂಗಿನಕಾಯಿಯಷ್ಟು ಇತ್ತು. ಮೈಯೆಲ್ಲ ಮುಳ್ಳು ಮುಳ್ಳು. ಬೀದಿಯಲ್ಲಿ ಒಂದು ಕಾರಿನ ಗಾಜೂ ಉಳಿದಿರಲಿಲ್ಲ.

ನಾನು ಅರಸೀಕೆರೆ ಕಡೆಯವಳು. ನಮ್ಮಲ್ಲಿ ಆಲಿಕಲ್ಲು ಅಂದರೆ ಮಕ್ಕಳು ಚೊಂಬು ಹಿಡಿದು ಅಂಗಳಕ್ಕೆ ಓಡಿ ಆರಿಸಿ ಬಾಯಿಗೆ ಹಾಕಿಕೊಳ್ಳುವ ವಸ್ತು. ಅದು ಮನೆ ಸೂರು ತೂತು ಮಾಡಬಹುದು ಅನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ. ಮಾರನೇ ದಿನ ಆಫೀಸಿನಲ್ಲಿ ಪಕ್ಕದ ಸೀಟಿನಾಕೆ, ಇಲ್ಲೇ ಹುಟ್ಟಿ ಬೆಳೆದವರು, ತುಂಬ ಸಮಾಧಾನವಾಗಿ ಕೇಳಿದರು: ನಿನ್ನೆಯ ಔಟ್‌ಲುಕ್ ನೀನು ನೋಡಿರಲಿಲ್ವಾ? ಔಟ್‌ಲುಕ್ ಅಂದರೆ ಗುಡುಗು, ಬಿರುಗಾಳಿಯ ಮುನ್ಸೂಚನೆಯ ನಕ್ಷೆ, ಹಾಗೊಂದು ಇದೆ ಅಂತ ನನಗೆ ಗೊತ್ತಾದದ್ದೇ ಆಗ. ಅವತ್ತಿನಿಂದ ಪ್ರತಿ ವಸಂತದಲ್ಲಿ, ಫೆಬ್ರವರಿ ಕೊನೆಯಿಂದ ಜೂನ್ ತನಕ, ಬೆಳಗ್ಗೆ ಕಾಫಿ ಜೊತೆ ಆ ಪುಟ ತೆರೆಯುವುದು ನನಗೆ ಅಭ್ಯಾಸವಾಗಿದೆ. ಈಗ ನಮ್ಮ ಕಡೆಯ ಇನ್ನೂರು ಚಿಲ್ಲರೆ ಕನ್ನಡದ ಮನೆಗಳಿಗೆ ವಾಟ್ಸಾಪ್‌ನಲ್ಲಿ ಅದನ್ನೇ ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಹೊಸದಾಗಿ ಬಂದವರು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೇ ಒಮ್ಮೆ ಉದ್ದಕ್ಕೆ ಬರೆದುಬಿಡೋಣ ಅಂತ ಕೂತಿದ್ದೇನೆ.

ಈ ಔಟ್‌ಲುಕ್ ಬರುವುದು ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನಿಂದ. ಸರ್ಕಾರದ್ದೇ ಸಂಸ್ಥೆ, ನ್ಯಾಷನಲ್ ವೆದರ್ ಸರ್ವಿಸ್‌ನ ಒಂದು ಭಾಗ. ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಿಗೂ ಸೇರಿ ಒಂದೇ ನಕ್ಷೆ. ಟೊರ್ನೇಡೊ (ಸುಂಟರಗಾಳಿ), ದೊಡ್ಡ ಆಲಿಕಲ್ಲು, ಜೋರು ಗಾಳಿ, ಈ ಮೂರನ್ನೇ ಅದು ನೋಡುವುದು. ಆಲಿಕಲ್ಲು 1 ಇಂಚು ಅಥವಾ ಅದಕ್ಕಿಂತ ದೊಡ್ಡದು, ಗಾಳಿ ಗಂಟೆಗೆ 58 ಮೈಲಿ ಅಥವಾ ಹೆಚ್ಚು ಇದ್ದರೆ ಮಾತ್ರ ಅವರ ಲೆಕ್ಕದಲ್ಲಿ ಅದು 'ಸಿವಿಯರ್'. ಸುಮ್ನೆ ಮಳೆ, ಗುಡುಗು, ಮಿಂಚಿಗೆ ತಿಳಿ ಹಸಿರು ಬಳಿದು ಬಿಟ್ಟಿರುತ್ತಾರೆ.

ನನಗೆ ಇದು ತಕ್ಷಣ ಹತ್ತಿರವಾದದ್ದು ಯಾಕೆ ಅಂದರೆ, ಡೇ 1, ಡೇ 2, ಡೇ 3 ಅಂತ ಮೂರು ನಕ್ಷೆ ಇರುತ್ತವೆ. ನಮ್ಮ ಇವತ್ತು, ನಾಳೆ, ನಾಡಿದ್ದು. ಇಂಗ್ಲಿಷಿನವರಿಗೆ ಮೂರನೆಯದಕ್ಕೆ ಒಂದು ಪದವಿಲ್ಲ, ನಮಗಿದೆ. ನಾನು ಗ್ರೂಪಿನಲ್ಲಿ ಯಾವಾಗಲೂ ಹಾಗೇ ಬರೆಯುತ್ತೇನೆ: "ನಾಡಿದ್ದಕ್ಕೆ ಹಳದಿ ಇದೆ." ಎಲ್ಲರಿಗೂ ಅರ್ಥವಾಗುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮವರು ಎಡವುವುದು ಜಾಸ್ತಿ. ಭಾರತದ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಕಣ್ಣಿಗೆ ಒಗ್ಗಿಹೋಗಿದೆ. ಇಲ್ಲಿ ಮೆಟ್ಟಿಲು ಐದು. ಕಡು ಹಸಿರು ಮಾರ್ಜಿನಲ್, ಹಳದಿ ಸ್ಲೈಟ್, ಕಿತ್ತಳೆ ಎನ್‌ಹ್ಯಾನ್ಸ್ಡ್, ಕೆಂಪು ಮಾಡರೇಟ್, ಅದರ ಮೇಲೆ ಕಡು ಗುಲಾಬಿ ಹೈ. 2014ರ ಅಕ್ಟೋಬರ್‌ಗೆ ಮುಂಚೆ ಮೂರೇ ಇದ್ದವು, ಮಾರ್ಜಿನಲ್ ಮತ್ತು ಎನ್‌ಹ್ಯಾನ್ಸ್ಡ್ ಆಮೇಲೆ ಸೇರಿದ್ದು. ಹೆಸರುಗಳು ದಾರಿ ತಪ್ಪಿಸುತ್ತವೆ. ಸ್ಲೈಟ್ ಅಂದರೆ 'ಸ್ವಲ್ಪ', ಹಾಗಾದರೆ ಏನೂ ಆಗಲ್ಲ ಅಂದುಕೊಳ್ಳುತ್ತಾರೆ. ಮಾಡರೇಟ್ ಅಂದರೆ 'ಸಾಧಾರಣ' ಅಂದುಕೊಳ್ಳುತ್ತಾರೆ. ಮಾಡರೇಟ್ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ದೂರ ಪ್ರಯಾಣ ಮಾಡುವುದಿಲ್ಲ, ಅಷ್ಟು ಗಂಭೀರ ಅದು. ಅದಕ್ಕೇ ನಾನು ಹೆಸರು ಬರೆಯುವುದನ್ನೇ ಬಿಟ್ಟೆ, "ಐದರಲ್ಲಿ ಎರಡು", "ಐದರಲ್ಲಿ ನಾಲ್ಕು" ಅಂತಷ್ಟೇ ಬರೆಯುತ್ತೇನೆ.

ಬಣ್ಣದ ಹಿಂದೆ ಶೇಕಡಾ ಲೆಕ್ಕ ಇರುತ್ತದೆ, ನಿಜವಾದ ವಿಷಯ ಇರುವುದು ಅಲ್ಲಿ. ಟೊರ್ನೇಡೊ ಶೇ 5 ಅಂತ ಕಂಡರೆ ತುಂಬ ಜನ ಮುಂದೆ ಸ್ಕ್ರೋಲ್ ಮಾಡುತ್ತಾರೆ. ಆದರೆ ಆ ಶೇ 5 ನಿಮ್ಮ ಮನೆಗೆ ಬಡಿಯುವ ಸಾಧ್ಯತೆ ಅಲ್ಲ. ನೀವು ನಿಂತ ಜಾಗದಿಂದ 25 ಮೈಲಿ, ಅಂದರೆ 40 ಕಿಲೋಮೀಟರ್ ಒಳಗೆ ಎಲ್ಲಾದರೂ ಒಂದು ಆಗುವ ಸಾಧ್ಯತೆ. ಹೆಚ್ಚುಕಮ್ಮಿ ಅರಸೀಕೆರೆಯಿಂದ ಹಾಸನದಷ್ಟು ದೂರ, ಅದನ್ನೇ ನಾಲ್ಕೂ ದಿಕ್ಕಿಗೆ ಸುತ್ತಿ ನೋಡಿ. ನಿಮ್ಮ ಮನೆಯೊಂದಕ್ಕೇ ಅಂತ ನೋಡಿದರೆ ಅದು ತೀರಾ ಚಿಕ್ಕ ಸಂಖ್ಯೆ. ಆದರೆ ಸಾಮಾನ್ಯ ದಿನಗಳಲ್ಲಿ ಅದೇ ವೃತ್ತಕ್ಕೆ ಆ ಸಾಧ್ಯತೆ ಶೇ 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರುತ್ತದೆ ಅನ್ನುವುದನ್ನು ಪಕ್ಕಕ್ಕಿಟ್ಟು ನೋಡಿದರೆ, ಶೇ 5 ಅಂದರೆ ಎಷ್ಟು ಪಟ್ಟು ಹೆಚ್ಚು ಅಂತ ಗೊತ್ತಾಗುತ್ತದೆ. ಟೊರ್ನೇಡೊಗೆ ಶೇ 10 ಬಂದರೆ ನಕ್ಷೆ ಆಗಲೇ ಕಿತ್ತಳೆ. ಆಲಿಕಲ್ಲಿಗೆ, ಗಾಳಿಗೆ ಕಿತ್ತಳೆ ಆಗಲು ಶೇ 30 ಬೇಕು. ಬಣ್ಣ ಒಂದೇ, ಹಿಂದಿನ ಕಾರಣ ಬೇರೆ. ಆಲಿಕಲ್ಲಿನಿಂದ ಬಂದ ಕಿತ್ತಳೆ ಆದರೆ ಕಾರಿಗೆ ಸೂರು ಹುಡುಕುತ್ತೇನೆ, ಟೊರ್ನೇಡೊದಿಂದ ಬಂದದ್ದಾದರೆ ಮಕ್ಕಳ ಶೂ, ಹೆಲ್ಮೆಟ್ ತೆಗೆದು ನಾವು ಅಡಗಿ ಕೂರುವ ಕ್ಲಾಸೆಟ್‌ನಲ್ಲಿ ಇಡುತ್ತೇನೆ. ಹಾಗಾಗಿ ಮೊದಲ ನಕ್ಷೆಗೆ ನಿಲ್ಲಬೇಡಿ, ಟೊರ್ನೇಡೊ, ವಿಂಡ್, ಹೇಲ್ ಅಂತ ಇರುವ ಮೂರನ್ನೂ ಒತ್ತಿ ನೋಡಿ.

ನಾಡಿದ್ದಿನ ನಕ್ಷೆಯಲ್ಲಿ ಈ ಮೂರನ್ನೂ ಬೇರೆ ಬೇರೆ ಮಾಡಿ ಕೊಟ್ಟಿರುವುದನ್ನು ನಾನು ನೋಡಿಲ್ಲ, ಎಲ್ಲ ಸೇರಿ ಒಂದೇ ಸಂಖ್ಯೆ. ನಾಡಿದ್ದಕ್ಕೆ ಐದನೇ ಮೆಟ್ಟಿಲು ಹಾಕುವ ಪದ್ಧತಿಯೂ ಇಲ್ಲ. ಅಷ್ಟು ದೂರದಿಂದ ಅಷ್ಟು ಖಚಿತವಾಗಿ ಹೇಳಲಾಗದು ಅಂತ ಅವರೇ ಒಪ್ಪಿಕೊಂಡ ಹಾಗೆ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಇಂಥ ಕಡೆಗಳಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಏಪ್ರಿಲ್‌ನ ಒಂದು ಶನಿವಾರ ನಮ್ಮ ಕನ್ನಡ ಬಳಗದ ಯುಗಾದಿ ಕಾರ್ಯಕ್ರಮ. ಬಾಡಿಗೆಗೆ ತೆಗೆದುಕೊಂಡ ಶಾಲೆಯ ಸಭಾಂಗಣದಲ್ಲಿ ಸಂಜೆ 5ರಿಂದ 9ರವರೆಗೆ, ಊಟ ಹೊರಗೆ ಟೆಂಟ್‌ನಲ್ಲಿ. ಹೆಚ್ಚುಕಮ್ಮಿ ನಾನೂರು ಜನ, ಅದರಲ್ಲಿ ಅರ್ಧ ಮಕ್ಕಳು ಮತ್ತು ಊರಿನಿಂದ ಬಂದ ಅಪ್ಪ ಅಮ್ಮಂದಿರು. ಗುರುವಾರ ಬೆಳಗ್ಗೆ ನೋಡಿದರೆ ನಾಡಿದ್ದಿನ ನಕ್ಷೆಯಲ್ಲಿ ನಮ್ಮ ಮೇಲೆ ಹಳದಿ. ಆಗ ಏನನ್ನೂ ರದ್ದು ಮಾಡಬಾರದು. ನಾನು ಮಾಡಿದ್ದು ಎರಡು ಫೋನ್: ಶಾಲೆಯವರಿಗೆ, ಬೆಳಗ್ಗೆ ಹೊತ್ತು ಸಭಾಂಗಣ ಖಾಲಿ ಇದೆಯಾ ಅಂತ. ಅಡುಗೆಯವರಿಗೆ, ಹೋಳಿಗೆ, ಬಿಸಿಬೇಳೆಬಾತ್ ಮಧ್ಯಾಹ್ನಕ್ಕೇ ಕೊಡಲು ಆಗುತ್ತದಾ, ಉತ್ತರ ಎಷ್ಟು ಹೊತ್ತಿಗೆ ಬೇಕು ಅಂತ. ಎರಡಕ್ಕೂ ಹೂಂ ಅಂದರು, ಅಡುಗೆಯವರು ಶುಕ್ರವಾರ ಮಧ್ಯಾಹ್ನ 2 ಗಂಟೆ ಗಡುವು ಕೊಟ್ಟರು.

ಬೇಸಿಗೆ ಸಮಯದ (ಗಡಿಯಾರ ಒಂದು ಗಂಟೆ ಮುಂದಿಡುವ ಕಾಲದ) ಲೆಕ್ಕದಲ್ಲಿ ನಮಗೆ ಇಲ್ಲಿ ನಾಳೆಯ ನಕ್ಷೆ ಬರುವುದು ರಾತ್ರಿ 1 ಗಂಟೆ ಹೊತ್ತಿಗೆ, ಮತ್ತೆ ಮಧ್ಯಾಹ್ನ 12:30ಕ್ಕೆ. ಶುಕ್ರವಾರ ಬೆಳಗ್ಗೆ ಎದ್ದಾಗ ಹಳದಿ ಹೋಗಿ ಕಿತ್ತಳೆ ಆಗಿತ್ತು, ಆಲಿಕಲ್ಲಿಗೆ ಶೇ 30. ಆದರೆ ನಾನು ನಿರ್ಧಾರ ಮಾಡಿದ್ದು ಬಣ್ಣ ನೋಡಿ ಅಲ್ಲ. ನಕ್ಷೆಯ ಕೆಳಗೆ ಉದ್ದಕ್ಕೆ ಬರೆದಿರುತ್ತಾರೆ, ಡಿಸ್ಕಷನ್ ಅಂತ, ಬರೆದವರ ಹೆಸರೂ ಕೊನೆಯಲ್ಲಿ ಇರುತ್ತದೆ. ಅದರಲ್ಲಿ ಗುಡುಗು ಎಲ್ಲಿ ಹುಟ್ಟುತ್ತದೆ, ಎಷ್ಟು ಹೊತ್ತಿಗೆ ಹುಟ್ಟುತ್ತದೆ ಅಂತ ಇತ್ತು: ಫೋರ್ಟ್ ವರ್ತ್‌ನ ಪಶ್ಚಿಮಕ್ಕೆ ಡ್ರೈಲೈನ್ (ಒಣ ಗಾಳಿ, ತೇವದ ಗಾಳಿ ಸೇರುವ ಗೆರೆ) ಉದ್ದಕ್ಕೂ ಮಧ್ಯಾಹ್ನ ಕಳೆದ ಮೇಲೆ, ಆಮೇಲೆ ಪೂರ್ವಕ್ಕೆ. ಅಂದರೆ ನಮ್ಮ ಕಡೆಗೆ ಬರುವುದು ಸರಿಯಾಗಿ ಮಕ್ಕಳು ಡ್ಯಾನ್ಸ್ ಮಾಡಿ ಹೊರಗೆ ಊಟಕ್ಕೆ ನಿಲ್ಲುವ ಹೊತ್ತಿಗೆ. 12:30ರ ನಕ್ಷೆಯೂ ಅದನ್ನೇ ಹೇಳಿತು. ಒಂದು ಗಂಟೆಗೆ ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದೆ, ಸರ್, ಬೆಳಗ್ಗೆ 10ಕ್ಕೆ ಶುರು ಮಾಡಿ 3ಕ್ಕೆ ಮುಗಿಸೋಣ, 4ಕ್ಕೆ ಎಲ್ಲರೂ ಮನೆ ಸೇರಿರಲಿ. ಅವರು ಒಂದು ನಿಮಿಷ ಸುಮ್ಮನಿದ್ದು, "ಆಯ್ತಮ್ಮಾ, ನೀನೇ ಗ್ರೂಪಿಗೆ ಹಾಕು" ಅಂದರು.

ಬೇಜಾರು ಮಾಡಿಕೊಂಡವರು ಕಡಿಮೆ ಇರಲಿಲ್ಲ. ಮಕ್ಕಳಿಗೆ ಮೇಕಪ್ ಮಾಡುವವರು ಸಂಜೆಗೆ ಅಂತ ಒಪ್ಪಿಕೊಂಡಿದ್ದರು, ಶನಿವಾರ ಅಂಗಡಿ ತೆರೆಯುವವರಿಗೆ ಬರಲು ಆಗಲಿಲ್ಲ. ಆ ದಿನ 3 ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಟೊರ್ನೇಡೊ ವಾಚ್, ಅಂದರೆ ಮುಂದಿನ ಕೆಲವು ಗಂಟೆ ಹುಷಾರ್ ಅನ್ನುವ ಸೂಚನೆ, ಬಂತು. ಸಂಜೆ ದೊಡ್ಡ ಗುಡುಗಿನ ಮೋಡ ಬಂದು ನಮ್ಮ ಶಾಲೆಯಿಂದ ಹದಿನೈದು ಮೈಲಿ ಉತ್ತರಕ್ಕೆ ಹಾದುಹೋಯಿತು, ಅಲ್ಲಿಯ ಒಂದು ಬಡಾವಣೆಯಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು. ಶಾಲೆಯ ಅಂಗಳದಲ್ಲಿ ನಾಲ್ಕು ಹನಿ. "ಅಕ್ಕಾ, ಸುಮ್ನೆ ಬದಲಾಯಿಸಿದ್ವಿ ಅಲ್ವಾ?" ಅಂತ ಒಬ್ಬರು ಕೇಳಿದರು. ಸುಮ್ನೆ ಅಲ್ಲ. ಹದಿನೈದು ಮೈಲಿ ಅಂದರೆ ಆ 25 ಮೈಲಿಯ ಒಳಗೇ. ನಕ್ಷೆ ಹೇಳಿದ್ದು ಆಯಿತು, ನಮ್ಮ ಟೆಂಟ್ ಮೇಲೆ ಆಗಲಿಲ್ಲ ಅಷ್ಟೇ. ನಾನೂರು ಜನ ಟೆಂಟ್ ಕೆಳಗೆ ನಿಂತಿರುವಾಗ ಅದು ಸ್ವಲ್ಪ ದಕ್ಷಿಣಕ್ಕೆ ಬಂದಿದ್ದರೆ ಅಂತ ನಾನು ಈಗಲೂ ಯೋಚಿಸುತ್ತೇನೆ, ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ.

ಡಿಸ್ಕಷನ್ ಓದುವುದಕ್ಕೆ ಮೊದಲ ಎರಡು ವರ್ಷ ನನಗೆ ಕಷ್ಟವಾಯಿತು. ಈಗ ನಾಲ್ಕೈದು ಪದ ಹುಡುಕುತ್ತೇನೆ. ಡ್ಯೂ ಪಾಯಿಂಟ್: ಮೆಕ್ಸಿಕೊ ಕೊಲ್ಲಿ ಕಡೆಯಿಂದ ದಕ್ಷಿಣದ ಗಾಳಿ ಎಷ್ಟು ತೇವ ತರುತ್ತಿದೆ ಅಂತ. 60 ಫ್ಯಾರನ್‌ಹೀಟ್ ದಾಟಿದರೆ ಕಿವಿ ನಿಮಿರುತ್ತದೆ, ಆ ದಿನ ಬೆಳಗ್ಗೆ ಬಾಗಿಲು ತೆರೆದರೇ ಮಂಗಳೂರಿನಲ್ಲಿ ಬಸ್ ಇಳಿದ ಹಾಗೆ ಮೈ ಅಂಟುತ್ತದೆ. ಕ್ಯಾಪ್: ಮೇಲಿನ ಬಿಸಿ ಗಾಳಿಯ ಪದರ, ಪಾತ್ರೆಯ ಮುಚ್ಚಳದ ಹಾಗೆ. ಮುಚ್ಚಳ ಗಟ್ಟಿ ಇದ್ದರೆ ಕೆಳಗೆ ಎಷ್ಟು ಕುದಿದರೂ ಮೋಡ ಏಳುವುದಿಲ್ಲ, ಸಂಜೆ ನೀಲಿ ಆಕಾಶ. ಸ್ವಲ್ಪ ಕಡೆ ಮಾತ್ರ ಮುಚ್ಚಳ ಒಡೆದರೆ ಆ ಜಾಗದಲ್ಲಿ ಎದ್ದ ಒಂದೇ ಮೋಡಕ್ಕೆ ಎಲ್ಲ ತೇವವೂ ಸಿಕ್ಕಿ ಅದು ಭಯಂಕರವಾಗುತ್ತದೆ. ಶಿಯರ್: ಮೇಲೆ ಹೋದಂತೆ ಗಾಳಿ ದಿಕ್ಕು, ವೇಗ ಎಷ್ಟು ಬದಲಾಗುತ್ತದೆ ಅಂತ, ಮೋಡ ತಿರುಗುವುದಕ್ಕೆ ಅದು ಬೇಕು. ಆಮೇಲೆ 'ಡಿಸ್ಕ್ರೀಟ್' ಅನ್ನುವ ಪದ. ಮೋಡಗಳು ಬಿಡಿಬಿಡಿಯಾಗಿ ನಿಂತರೆ ದೊಡ್ಡ ಆಲಿಕಲ್ಲು, ಟೊರ್ನೇಡೊ ಭಯ ಹೆಚ್ಚು. ಸಾಲುಗಟ್ಟಿ ಬಂದರೆ ಗಾಳಿಯ ಭಯ ಹೆಚ್ಚು. 'ಕಂಡಿಷನಲ್' ಅಂತ ಬರೆದಿದ್ದರೆ, ಎದ್ದರೆ ಕೆಟ್ಟದು, ಏಳುವುದೇ ಅನುಮಾನ ಅಂತ ಅರ್ಥ.

ಒಂದು ದೊಡ್ಡ ಎಡವಟ್ಟು ಇದೆ, ಇದನ್ನು ದಯವಿಟ್ಟು ನೆನಪಿಡಿ. ಅವರ 'ದಿನ' ನಡುರಾತ್ರಿಯಿಂದ ನಡುರಾತ್ರಿಗೆ ಅಲ್ಲ. ನಮ್ಮ ಟೆಕ್ಸಾಸಿನ ಬೇಸಿಗೆ ಸಮಯದಲ್ಲಿ ಬೆಳಗ್ಗೆ 7ರಿಂದ ಮರುದಿನ ಬೆಳಗ್ಗೆ 7ರ ತನಕ. 2024ರ ಮೇ 28, ಮಂಗಳವಾರ, ಬೆಳಗಿನ ಜಾವ ಡಲ್ಲಾಸ್ ಮೇಲೆ ಬಿರುಗಾಳಿ ಹಾದುಹೋಗಿ 6 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಅದು ಬಂದದ್ದು 7 ಗಂಟೆಗೆ ಮುಂಚೆ. ಅಂದರೆ ಅದು ಸೋಮವಾರದ ನಕ್ಷೆಯೊಳಗಿನ ವಿಷಯ. ಸೋಮವಾರ ರಜೆ ಇತ್ತು, ಮೆಮೋರಿಯಲ್ ಡೇ. ರಾತ್ರಿ 8ರ ಹೊತ್ತಿಗೆ ಬರುವ ಡೇ 1ರ ಕೊನೆಯ ನಕ್ಷೆಯನ್ನು ನಾನು ಅವತ್ತು ನೋಡದೆ ಮಲಗಿದೆ, ಮನಸ್ಸಿನಲ್ಲಿ ಮಂಗಳವಾರದ್ದನ್ನು ಬೆಳಗ್ಗೆ ನೋಡೋಣ ಅಂತ. ಬೆಳಗ್ಗೆ ಎದ್ದದ್ದು ಹಿತ್ತಲ ಬೇಲಿ ಮುರಿದ ಸದ್ದಿಗೆ. ಈಗ ಮಲಗುವ ಮುಂಚೆ ಅದನ್ನು ನೋಡಿಯೇ ದೀಪ ಆರಿಸುವುದು. ಡೇ 1 ದಿನಕ್ಕೆ ಐದು ಸಲ ಬರುತ್ತದೆ, ರಾತ್ರಿ 1, ಬೆಳಗ್ಗೆ 8, 11:30, ಮಧ್ಯಾಹ್ನ 3, ರಾತ್ರಿ 8. ನನ್ನ ಲೆಕ್ಕದಲ್ಲಿ ಉಪಯೋಗಕ್ಕೆ ಬರುವುದು 11:30ರದ್ದು ಮತ್ತು 8ರದ್ದು.

ನಕ್ಷೆಯ ಗೆರೆಯನ್ನು ಗೋಡೆ ಅಂದುಕೊಳ್ಳಬಾರದು ಅನ್ನುವುದನ್ನು ಅದೇ ವಾರ ಕಣ್ಣಾರೆ ನೋಡಿದೆ. ಮೇ 25, ಶನಿವಾರ, ಒಕ್ಲಹೋಮಾ ಮತ್ತು ಕಾನ್ಸಾಸ್‌ನ ದಕ್ಷಿಣದ ಮೇಲೆ ಕೆಂಪು ಇತ್ತು. ನಮ್ಮ ಗ್ರೂಪಿನ ಎರಡು ಕುಟುಂಬ ಒಕ್ಲಹೋಮಾಕ್ಕೆ ಕ್ಯಾಂಪಿಂಗ್ ಹೊರಟಿದ್ದರು, ಬೇಡ ಅಂದೆ, ನಿಂತರು. ಆದರೆ ಅವತ್ತು ರಾತ್ರಿ ಜೀವ ತೆಗೆದ ಟೊರ್ನೇಡೊಗಳಲ್ಲಿ ಒಂದು, ಎರಡೂ ರಾಜ್ಯದ ಗಡಿಯಾದ ರೆಡ್ ನದಿಯ ಈಚೆಗೆ, ನಮ್ಮ ಟೆಕ್ಸಾಸಿನಲ್ಲೇ, ವ್ಯಾಲಿ ವ್ಯೂ ಹತ್ತಿರ ಬಂತು. ಟೊರ್ನೇಡೊ ಬಲವನ್ನು 0ರಿಂದ 5ರ ತನಕ ಅಳೆಯುವ ಮಾಪಕದಲ್ಲಿ ಮೂರು, ಅಂದರೆ ಇಎಫ್3. 7 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಕತ್ತಲಲ್ಲಿ ಬಂದದ್ದು, ನೋಡಿ ಓಡುವ ಮಾತೇ ಇಲ್ಲ. ನಾನು ಅವರಿಗೆ ಒಕ್ಲಹೋಮಾ ಬೇಡ ಅಂದಿದ್ದೆ, ಹತ್ತಿರದ ಕೆರೆಗೆ ಹೋಗಿ ಅಂತ ಹೇಳಿರಲಿಲ್ಲ, ಅದೊಂದು ಪುಣ್ಯ. ಆ ರಾತ್ರಿಯ ನಂತರ ನಾನು ಬಣ್ಣದ ಅಂಚಿನಲ್ಲಿರುವವರಿಗೂ ಬಣ್ಣದ ಒಳಗಿರುವವರಿಗೆ ಹೇಳುವ ಮಾತನ್ನೇ ಹೇಳುತ್ತೇನೆ.

ಉಲ್ಟಾ ಕೂಡ ಆಗುತ್ತದೆ. 2019ರ ಮೇ 20ರಂದು ಒಕ್ಲಹೋಮಾ ಮತ್ತು ಪಶ್ಚಿಮ ಟೆಕ್ಸಾಸಿನ ಮೇಲೆ ಐದನೇ ಮೆಟ್ಟಿಲು, ಟೊರ್ನೇಡೊ ಶೇ 45. ಒಕ್ಲಹೋಮಾ ಸಿಟಿ ಸುತ್ತಮುತ್ತ ಶಾಲೆಗಳಿಗೆ ರಜೆ ಕೊಟ್ಟರು. ಟೊರ್ನೇಡೊ ಬಂದವು, ಮಳೆ ನೀರು ತುಂಬಿತು, ಆದರೆ ಎಲ್ಲರೂ ಹೆದರಿದ್ದ ಮಟ್ಟಕ್ಕೆ ಹೋಗಲಿಲ್ಲ. ಅಲ್ಲಿ ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗ "ಇನ್ನು ಇವರನ್ನು ನಂಬಲ್ಲ ಅಕ್ಕಾ" ಅಂದ. ಐದೇ ದಿನ ಕಳೆದು, ಆ ಗುಲಾಬಿ ಬಣ್ಣ ಇಲ್ಲದ ಒಂದು ರಾತ್ರಿ, ಎಲ್ ರೀನೊದಲ್ಲಿ ಇಎಫ್3 ಬಂದು ಇಬ್ಬರು ಸತ್ತರು. ಅವನು ಆಮೇಲೆ ಆ ಮಾತು ಆಡಲಿಲ್ಲ. ಅದೇ ಒಕ್ಲಹೋಮಾದಲ್ಲಿ 1948ರ ಮಾರ್ಚ್ 25ರಂದು, ಟಿಂಕರ್ ವಾಯುನೆಲೆಯಲ್ಲಿ ಫಾಬುಶ್ ಮತ್ತು ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳು ಟೊರ್ನೇಡೊ ಬರಬಹುದು ಅಂತ ಮೊದಲ ಸಲ ಮುಂಚಿತವಾಗಿ ಹೇಳಿದರು, ಅವತ್ತು ಬಂತು ಕೂಡ. ಅದಕ್ಕೂ ಮುಂಚೆ ಜನ ಹೆದರುತ್ತಾರೆ ಅಂತ ಆ ಪದವನ್ನೇ ಮುನ್ಸೂಚನೆಯಲ್ಲಿ ಬಳಸುತ್ತಿರಲಿಲ್ಲ. ಹೆದರಿಸಬೇಕಾ, ಸುಮ್ಮನಿರಬೇಕಾ ಅನ್ನುವ ಈ ಜಗ್ಗಾಟ ನನ್ನ ವಾಟ್ಸಾಪ್ ಸಂದೇಶದಲ್ಲೂ ಪ್ರತಿ ಸಲ ಇರುತ್ತದೆ.

ಔಟ್‌ಲುಕ್ ಕೆಲಸ ಯೋಜನೆಗೆ ಅಷ್ಟೇ. ಮೋಡ ಎದ್ದ ಮೇಲೆ ಅದನ್ನು ಬಿಟ್ಟುಬಿಡಿ. ವಾಚ್ ಅಂದರೆ ಮುಂದಿನ ಕೆಲವು ಗಂಟೆ ಹುಷಾರ್, ವಾರ್ನಿಂಗ್ ಅಂದರೆ ಈಗಲೇ ಒಳಗೆ ಹೋಗಿ. ವಾಚ್ ಕೊಡುವುದು ನಾರ್ಮನ್‌ನವರು, ವಾರ್ನಿಂಗ್ ಕೊಡುವುದು ಸ್ಥಳೀಯ ಕಚೇರಿ, ನಮಗೆ ಫೋರ್ಟ್ ವರ್ತ್. ಫೋನ್ ಎಲ್ಲದಕ್ಕೂ ಕಿರುಚುತ್ತದೆ ಅಂತ ನಂಬಿ ಕೂರಬೇಡಿ. ಟೊರ್ನೇಡೊ ವಾರ್ನಿಂಗ್‌ಗೆ ಕಿರುಚುತ್ತದೆ, ಗುಡುಗಿನ ವಾರ್ನಿಂಗ್ ಆದರೆ ಗಾಳಿ 80 ಮೈಲಿ ಅಥವಾ ಆಲಿಕಲ್ಲು 2.75 ಇಂಚು ಮುಟ್ಟಿದರೆ ಮಾತ್ರ. ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಪರೀಕ್ಷೆಗೆ ಕೂಗುವ ಸೈರನ್ ಹೊರಗಿರುವವರಿಗಾಗಿ, ಎಸಿ ಹಾಕಿ ಬಾಗಿಲು ಮುಚ್ಚಿ ಮಲಗಿದವರಿಗಲ್ಲ. ಅದಕ್ಕೆ ನಾನು, ವಾರ್ನಿಂಗ್ ಬಂದಾಗ ತಾನೇ ಕೂಗುವ ವೆದರ್ ರೇಡಿಯೊ ಒಂದನ್ನು ಮಂಚದ ಪಕ್ಕ ಇಟ್ಟಿದ್ದೇನೆ. ಅದಕ್ಕೆ ನಿಮ್ಮ ಕೌಂಟಿಯ (ಇಲ್ಲಿಯ ಜಿಲ್ಲೆಯ) ಸಂಖ್ಯೆ ಕೊಡಬೇಕು, ಕಾಲಿನ್ ಕೌಂಟಿ 048085, ಡಲ್ಲಾಸ್ 048113, ಡೆಂಟನ್ 048121, ಟ್ಯಾರಂಟ್ 048439. ಇಲ್ಲದಿದ್ದರೆ ಎಲ್ಲೋ ದೂರದ ಊರಿನದ್ದಕ್ಕೂ ರಾತ್ರಿಯಿಡೀ ಕೂಗಿ, ಬೇಸತ್ತು ನೀವೇ ವೈರ್ ಕಿತ್ತುಹಾಕುತ್ತೀರಿ. ಬ್ಯಾಟರಿ ಹಾಕಲು ಮರೆಯಬೇಡಿ.

ಇಲ್ಲಿ ಹೆಚ್ಚಿನ ಮನೆಗಳಿಗೆ ನೆಲಮಾಳಿಗೆ ಇಲ್ಲ. ನಮ್ಮ ಮನೆಯಲ್ಲಿ ಕೆಳಗಿನ ಮೆಟ್ಟಿಲಡಿಯ ಕ್ಲಾಸೆಟ್, ಹೊರಗೋಡೆ ಇಲ್ಲದ ಜಾಗ ಅದೊಂದೇ. ಮಾರ್ಚ್ ಬಂದರೆ ಅಲ್ಲಿದ್ದ ಅಕ್ಕಿ ಮೂಟೆ, ಸೂಟ್‌ಕೇಸ್ ಎಲ್ಲ ಹೊರಗೆ ತೆಗೆದು ಖಾಲಿ ಮಾಡುತ್ತೇವೆ. ಐದು ಜನ ಹಿಡಿಸುತ್ತದಾ ಅಂತ ಒಮ್ಮೆ ಕೂತು ನೋಡುತ್ತೇವೆ. ನೋಡದೆ ಇದ್ದರೆ ಆ ಹೊತ್ತಿನಲ್ಲಿ ಗೊತ್ತಾಗುವುದು ತಡವಾಗಿ.

2018ರಲ್ಲಿ ಸ್ಪಾಟರ್, ಅಂದರೆ ಆಕಾಶ ನೋಡಿ ಹವಾಮಾನ ಕಚೇರಿಗೆ ವರದಿ ಕೊಡುವವರ ತರಬೇತಿಗೂ ಹೋದೆ, ಉಚಿತ, ಒಂದು ಸಂಜೆಯ ಪಾಠ. ಮೋಡದ ಕೆಳಗೆ ಹರಿದ ಬಟ್ಟೆಯ ಹಾಗೆ ತೂಗುವುದೆಲ್ಲ ಟೊರ್ನೇಡೊ ಅಲ್ಲ, ತಿರುಗುತ್ತಿದೆಯಾ ಅಂತ ನೋಡಬೇಕು ಅನ್ನುವುದು ಅಲ್ಲಿ ಕಲಿತದ್ದು. ಆಲಿಕಲ್ಲಿನ ಗಾತ್ರ ಹೇಳುವಾಗ ಗೋಲಿ ಅಂತ ಹೇಳಬಾರದಂತೆ, ಗೋಲಿ ಚಿಕ್ಕದೂ ಇರುತ್ತದೆ ದೊಡ್ಡದೂ ಇರುತ್ತದೆ. ಅವರು ನಾಣ್ಯ, ಗಾಲ್ಫ್ ಚೆಂಡು ಅನ್ನುತ್ತಾರೆ. ನಾನು ನಮ್ಮ ಗ್ರೂಪಿಗೆ ನೆಲ್ಲಿಕಾಯಿ, ನಿಂಬೆಹಣ್ಣು, ಸುಲಿದ ತೆಂಗಿನಕಾಯಿ ಅಂತ ಮಾಡಿಕೊಟ್ಟಿದ್ದೇನೆ. ನೆಲ್ಲಿಕಾಯಿಯಿಂದ ಮೇಲೆ ಬಿದ್ದರೆ ಫೋಟೋ ತೆಗೆದು, ಊರು, ಸಮಯ ಬರೆದು ಹಾಕುತ್ತಾರೆ. ನಾನು ಅದನ್ನು ಫೋರ್ಟ್ ವರ್ತ್ ಕಚೇರಿಗೆ ತಲುಪಿಸುತ್ತೇನೆ.

ಅಪ್ಪ ಹೋದ ವಸಂತದಲ್ಲಿ ಮೂರು ತಿಂಗಳು ನಮ್ಮ ಜೊತೆ ಇದ್ದರು. ಅವರಿಗೆ ಮಳೆ ಅಂದರೆ ನಕ್ಷತ್ರ, ಅಶ್ವಿನಿ, ಭರಣಿ, ಕೃತ್ತಿಕೆ. ಏಪ್ರಿಲ್ ಕೊನೆಗೆ ಭರಣಿ ಹುಟ್ಟಿತು ಅಂತ ಲೆಕ್ಕ ಹಾಕಿ, "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅಂದರು. ಇಲ್ಲಿ ಅದೇ ಎರಡು ವಾರ ನಾವು ಜಾಸ್ತಿ ಎಚ್ಚರ ಇರುವ ಕಾಲ ಅಂತ ಹೇಳಿದಾಗ ತುಂಬ ಹೊತ್ತು ಆಕಾಶ ನೋಡುತ್ತಾ ಕೂತಿದ್ದರು. ಟ್ಯಾಬ್ಲೆಟ್‌ನಲ್ಲಿ ಆ ಪುಟ ತೆರೆದು, ಮೂರು ನಕ್ಷೆಗೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿ ಕೊಟ್ಟೆ. ವಾರದೊಳಗೆ ನನಗಿಂತ ಮುಂಚೆ ಎದ್ದು ನೋಡುವುದಕ್ಕೆ ಶುರು ಮಾಡಿದರು. ಒಂದು ಬುಧವಾರ ನಾನು ಕೆಳಗೆ ಬರುವಷ್ಟರಲ್ಲಿ ಕಾಫಿ ಲೋಟ ಹಿಡಿದು ಗ್ಯಾರೇಜ್ ಬಾಗಿಲಲ್ಲಿ ನಿಂತಿದ್ದರು, ಒಳಗಿದ್ದ ಹಳೆಯ ಡಬ್ಬಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ಆಗಿತ್ತು. "ನಾಡಿದ್ದಕ್ಕೆ ಕಿತ್ತಳೆ ಇದೆ ಕಣವ್ವಾ. ಎರಡನೇ ಕಾರೂ ಒಳಗೆ ಹಿಡಿಸುತ್ತಾ ನೋಡು, ಹಿಂದಕ್ಕೆ ತಗೊಂಡು ಬಾ, ನಾನು ಕೈ ತೋರಿಸ್ತೀನಿ."